ಮುಸ್ಸಂಜೆಯ ‘ಇಫ್’ ಪಾಠ

ಬೆಣ್ಣೆ ಕಾಯಿಸುವ ಘಮ ಮೂಗಿಗೆ ಬಡಿದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ಬಿಸಿ ಅನ್ನವೋ, ಹೋಳಿಗೆಯೋ ಇರಬೇಕು. ನನಗೆ ಇಂಗ್ಲಿಷ್ ವ್ಯಾಕರಣ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ. ಈಗ ಸಾರನಾಥದ ನಮ್ಮ ಮನೆಯ ಒಲೆಯ ಮೇಲೆ ಪಕ್ಕದ ಹೊಲದವರ ಎಮ್ಮೆಯ ಬೆಣ್ಣೆ ಚಟಪಟ ಎನ್ನುತ್ತಿದೆ. ಹೊರಗೆ ಹೊತ್ತು ಮುಳುಗುತ್ತಿದೆ. ನಮ್ಮವರು ಅಸ್ಸಿ ಘಾಟಿಗೆಂದು ಹೋದವರು ಅಲ್ಲಿನ ಚಹಾದಂಗಡಿಯಲ್ಲಿ ದೇಶ ಉದ್ಧಾರ ಮಾಡುತ್ತ ಕೂತಿರಬೇಕು, ಫೋನು ಎತ್ತುತ್ತಿಲ್ಲ. ‘ಇವತ್ತೂ ಲೇಟಾಗಿ ಬಂದರೆ’ ಎಂದು ಬಾಯಿಗೆ ಬಂದದ್ದನ್ನು ಅರ್ಧಕ್ಕೇ ನುಂಗಿಕೊಂಡೆ. ಈ ಹೊತ್ತಿನಲ್ಲಿ ಆ ಥರದ ಮಾತನ್ನು ನಾನು ಪೂರ್ತಿ ಮಾಡುವುದಿಲ್ಲ. ಇಂಗ್ಲಿಷ್ ಎಂ.ಎ. ಮಾಡಿ, ದೆವ್ವ ಭೂತ ಎಂದವರನ್ನು ಕಂಡರೆ ಕಿಸಕ್ಕನೆ ನಗುತ್ತಿದ್ದ ಹೆಂಗಸು ಹೀಗಾದದ್ದು ಸೀತಕ್ಕನ ದೆಸೆಯಿಂದ.

ಕಾಶಿಗೆ ಬಂದ ಹೊಸದರಲ್ಲಿ ನಾವು ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ಸೀತಕ್ಕನ ಮನೆಯ ಮಹಡಿ ಬಾಡಿಗೆಗೆ ಹಿಡಿದಿದ್ದೆವು. ಅವರ ಯಜಮಾನರು ಪುರೋಹಿತ ಭಟ್ಟರು. ಕರ್ನಾಟಕದಿಂದ ಅಸ್ಥಿ ತರುವವರಿಗೆ, ಪಿಂಡ ಹಾಕುವವರಿಗೆ ಎಲ್ಲ ಮಾಡಿಸುವವರು ಅವರೇ. ಬಂದವರು ಉಳಿಯುವುದು ಕೆಳಗಿನ ಕೋಣೆಗಳಲ್ಲಿ, ಉಣ್ಣುವುದು ಸೀತಕ್ಕನ ಕೈಯಡುಗೆ. ಎಲ್ಲರೂ ಗಂಗೆಯಲ್ಲಿ ಮುಳುಗಿ ಒದ್ದೆಬಟ್ಟೆಯಲ್ಲೇ ಬರುವುದರಿಂದ ಆ ಮನೆಯ ಬಾಗಿಲ ಕಲ್ಲು ಒಣಗಿದ್ದನ್ನು ನಾನು ಕಂಡಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಾನು ವಾದ ಮಾಡುವಾಗ ಬೇಕಾಗುತ್ತದೆ.

ಬರುವ ಯಾತ್ರಿಕರ ಮೊಮ್ಮಕ್ಕಳಿಗೆ ಕನ್ನಡ ಬಾರದು, ಹಿಂದಿಯೂ ಬಾರದು. ಅಜ್ಜನ ಬೂದಿಯ ಗಡಿಗೆ ಹಿಡಿದು ಇಂಗ್ಲಿಷಿನಲ್ಲಿ ಬಿಸಿನೀರು ಕೇಳುತ್ತವೆ. ಸೀತಕ್ಕನ ಸ್ವಂತ ಮಗಳೇ ಅಡುಗೆಮನೆಗೆ ಬಂದು ‘ಅಮ್ಮಾ, ಖಾನಾ ದೋ’ ಎನ್ನುವವಳು. ಅವಳಿಂದ ಇಂಗ್ಲಿಷ್ ಏನು ಕಲಿಯುವುದು? ಮಹಡಿಯ ಮೇಲೆ ಎಂ.ಎ. ಒಂದು ಸುಮ್ಮನೆ ಕೂತು ತಿನ್ನುತ್ತಿದೆ ಎಂದು ಅವರ ಕಣ್ಣು ನನ್ನ ಮೇಲೆ ಬಿತ್ತು. ದೇವರಿಗೆ ದೀಪ ಹಚ್ಚಿ, ಭಟ್ಟರು ಸಂಧ್ಯಾವಂದನೆಗೆ ಘಾಟಿಗೆ ಇಳಿದ ಮೇಲಷ್ಟೇ ಅವರಿಗೆ ಬಿಡುವು. ಹಾಗಾಗಿ ಕೆಳಗಿನ ಪಡಸಾಲೆಯಲ್ಲಿ ನಮ್ಮ ಪಾಠ ಮುಸ್ಸಂಜೆಗೇ ಗಂಟುಬಿತ್ತು.

ಮುಸ್ಸಂಜೆಗೆ ಆ ಮನೆಯಲ್ಲಿ ಕಟ್ಟುಪಾಡುಗಳಿದ್ದವು. ಹೊಸ್ತಿಲ ಮೇಲೆ ಕೂರಬಾರದು, ತಲೆ ಬಾಚಬಾರದು, ಹೊರಗಿನಿಂದ ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು, ಎರಡನೆಯ ಕೂಗಿಗೆ ಕಾಯಬೇಕು. ಎಲ್ಲಕ್ಕಿಂತ ಮುಖ್ಯ, ಅಶುಭ ನುಡಿಯಬಾರದು. ಆ ಹೊತ್ತಿನಲ್ಲಿ ಅಸ್ತು ದೇವತೆಗಳು ಮನೆಯ ಮೇಲೆ ಹಾದುಹೋಗುತ್ತಿರುತ್ತಾರಂತೆ, ಯಾರು ಏನಂದರೂ ‘ಅಸ್ತು’ ಎನ್ನುವುದೊಂದೇ ಅವರ ಕೆಲಸವಂತೆ. ಬಾಯಿ ತಪ್ಪಿ ಏನಾದರೂ ಅಂದರೆ ತಕ್ಷಣ ‘ಬಿಡ್ತು’ ಎನ್ನಬೇಕು, ಆಗ ಅಂದ ಮಾತು ಯಾರಿಗೂ ಅಂಟುವುದಿಲ್ಲ. ನಿಮ್ಮ ಅಜ್ಜಿಯೂ ನಿಮಗೆ ‘ಬಿಡ್ತು ಅನ್ನು’ ಎಂದು ಗದರಿರುತ್ತಾರೆ. ಸೀತಕ್ಕ ಇದನ್ನು ಒಂದು ಕೈ ಹೆಚ್ಚೇ ಪಾಲಿಸುತ್ತಿದ್ದರು. ‘ಮಳೆ ಬಂದರೆ’ ಎಂದರೂ ಸಾಕು, ಅವರ ಮುಖ ಕಪ್ಪಿಡುತ್ತಿತ್ತು.

ಹೀಗಿರುವಾಗ ಪಾಠ ‘ಇಫ್’ಗೆ ಬಂತು. ವ್ಯಾಕರಣದ ಪುಸ್ತಕ ಬರೆಯುವವರ ಮನಸ್ಸು ಎಂಥದೋ, ಉದಾಹರಣೆಗಳೆಲ್ಲ ಕೇಡಿನವೇ. ಔಷಧಿ ಕುಡಿಯದಿದ್ದರೆ ನೀನು ಸಾಯುವೆ. ದೋಣಿ ಮಗುಚಿದರೆ ನಾವು ಮುಳುಗುವೆವು. ಅರ್ಥ ಹೇಳುತ್ತಿದ್ದಂತೆ ಸೀತಕ್ಕ ಎರಡೂ ಕಿವಿ ಮುಚ್ಚಿಕೊಂಡರು. ನಾನು ದೊಡ್ಡ ಪಂಡಿತೆಯ ಹಾಗೆ ಅಂದೆ, ಅಕ್ಕ, ಅಸ್ತು ದೇವತೆಗಳಿಗೆ ಸಂಸ್ಕೃತ ಬರುತ್ತದೆ, ಹೆಚ್ಚೆಂದರೆ ಕನ್ನಡ. ಇಂಗ್ಲಿಷ್ ಎಲ್ಲಿಂದ ಬರಬೇಕು? ಅವರು ಯೋಚಿಸಿದರು. ಆಮೇಲೆ ಬಾಯಿಗೆ ಸೆರಗು ಹಿಡಿದು ಮೈಯೆಲ್ಲ ಕುಲುಕುವಂತೆ ನಕ್ಕರು. ಅವತ್ತಿನಿಂದ ಅವರಷ್ಟು ಚುರುಕಾಗಿ ‘ಇಫ್’ ಹೇಳಿದವರನ್ನು ನಾನು ನೋಡಿಲ್ಲ. ಎಷ್ಟೋ ವರ್ಷ ನಾಲಿಗೆ ಕಟ್ಟಿಕೊಂಡವರಿಗೆ ಬಿಡುಗಡೆಯಾದ ಹಾಗಿತ್ತು.

ಹಾಲಿನವನು ಬಾರದಿದ್ದರೆ ಕಪ್ಪು ಚಹಾ ಕುಡಿಯುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಪ್ರವಾಹ ಬಂದಾಗಲೂ ತಪ್ಪಿಸದ ಹಾಲಿನವನು ಮಾರನೆಯ ದಿನ ಬರಲಿಲ್ಲ. ಕರೆಂಟು ಹೋದರೆ ದೀಪದಲ್ಲಿ ಓದುತ್ತೇವೆ ಎಂದರು, ಹೋಯಿತು. ಕಾಶಿಯಲ್ಲಿ ಕರೆಂಟು ಹೋಗುವುದಕ್ಕೆ ಯಾವ ದೇವತೆಯೂ ಬೇಕಿಲ್ಲ ಎಂದು ನಾನು ತಮಾಷೆ ಮಾಡಿದೆ. ಆಮೇಲೊಂದು ಸಂಜೆ, ಮುದುಕರು ಮೆಟ್ಟಿಲ ಮೇಲೆ ಬಿದ್ದರೆ ನಾವು ಎತ್ತುತ್ತೇವೆ ಎಂಬ ವಾಕ್ಯ ಮಾಡಿ ತಾವೇ ಮೆಚ್ಚಿಕೊಂಡರು. ಅವರ ಬಾಯಿಂದ ಮಾತು ಬಿದ್ದು ಸ್ವಲ್ಪ ಹೊತ್ತಿಗೆ ಭಟ್ಟರು ಕೆಳಕೋಣೆಯ ಯಾತ್ರಿಕರೊಬ್ಬರನ್ನು ತೋಳು ಹಿಡಿದು ಕರೆತಂದರು. ಘಾಟಿನ ಮೆಟ್ಟಿಲಲ್ಲಿ ಜಾರಿದ್ದರು. ಕಾಲು ಉಳುಕಿತ್ತು, ಅಷ್ಟೇ. ಆದರೆ ಆ ಹಿರಿಯರು ಎಣ್ಣೆ ತಿಕ್ಕಿಸಿಕೊಳ್ಳುತ್ತ ಒಂದೇ ಮಾತು ಹೇಳುತ್ತಿದ್ದರು. ಹಿಂದಿನಿಂದ ಯಾರೋ ‘ಅಕ್ಕಾ’ ಎಂದು ಕರೆದ ಹಾಗಾಯಿತು, ಯಾರೋ ನಮ್ಮ ಕಡೆಯವರು ಅಂತ ತಿರುಗಿದೆ, ಕಾಲು ಜಾರಿತು.

ಸೀತಕ್ಕನ ಕೈಯಿಂದ ಎಣ್ಣೆಯ ಬಟ್ಟಲು ಕೆಳಗೆ ಬಿತ್ತು.

ಮರುದಿನ ನಾನು ‘ಇಫ್’ ಸಾಕು, ಬೇರೆ ಪಾಠ ಶುರುಮಾಡೋಣ ಎಂದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಪುಕಪುಕ ಎನ್ನುತ್ತಿತ್ತು. ಅವರು ಪುಸ್ತಕ ಮುಚ್ಚಲು ಬಿಡಲಿಲ್ಲ. ಮೆಲ್ಲಗೆ ಅಂದರು, “ಅಸ್ತು ದೇವತೆಗಳಿಗೆ ಇಂಗ್ಲಿಷ್ ಬರಲ್ಲ ಅಂದ್ಯಲ್ಲ, ಅದು ಸರಿಯೇ ಇರಬಹುದು. ಆದರೆ ಈ ಊರಲ್ಲಿ ನಾವು ಮಾತಾಡೋದನ್ನ ಇನ್ಯಾರೋ ಕೇಳಿಸ್ಕೊತಿದಾರೆ.”

ಆಗ ಅವರು ನಾಗೇಶನ ವಿಷಯ ಹೇಳಿದರು. ನಾಗೇಶ ಅವರ ತಮ್ಮ. ಭಟ್ಟರಿಗೆ ಸಹಾಯಕ್ಕೆಂದು ಊರಿಂದ ಬಂದು ಇದೇ ಮನೆಯಲ್ಲಿದ್ದ. ದರ್ಭೆ ಕಟ್ಟುವುದಕ್ಕಿಂತ ದೋಣಿಯವರ ಜೊತೆ ಸುತ್ತುವುದರಲ್ಲಿ ಅವನಿಗೆ ಹೆಚ್ಚು ಆಸೆ. ಒಂದು ಸಂಜೆ ಮನೆ ತುಂಬ ಯಾತ್ರಿಕರು, ಅಡುಗೆ ಇನ್ನೂ ಒಲೆಯ ಮೇಲಿದೆ, ಇವನು ಚಪ್ಪಲಿ ಮೆಟ್ಟಿ ಹೊರಟಿದ್ದಾನೆ. ಸೀತಕ್ಕನಿಗೆ ರೇಗಿಹೋಯಿತು. ಈಗ ಹೊಸ್ತಿಲು ದಾಟಿದರೆ ಮತ್ತೆ ಒಳಗೆ ಬರಬೇಡ ಎಂದುಬಿಟ್ಟರು. ಅಕ್ಕಂದಿರು ದಿನಾ ಅನ್ನುವ ಮಾತೇ. ಅವನು ನಕ್ಕು ದಾಟಿದ. ಆ ಗಲಾಟೆಯಲ್ಲಿ ಬಿಡ್ತು ಅನ್ನು ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ, ಅವರಿಗೂ ಹೊಳೆಯಲಿಲ್ಲ. ನಾಗೇಶ ಬರಲಿಲ್ಲ. ನದಿಯಲ್ಲಿ ಹುಡುಕಿದರು, ಊರಿಗೆ ಫೋನು ಮಾಡಿದರು, ಸಾಧುಗಳ ನಡುವೆ ಹುಡುಕಿದರು. ಶವವೂ ಇಲ್ಲ, ಸುದ್ದಿಯೂ ಇಲ್ಲ.

ಅಂಥವರಿಗೆ ಹನ್ನೆರಡು ವರ್ಷ ಕಾಯಬೇಕು ಎಂಬುದು ಭಟ್ಟರು ನಡೆಸಿಕೊಂಡು ಬಂದ ಕ್ರಮ. ಆಮೇಲೆ ದರ್ಭೆ, ಮುತ್ತುಗದ ಎಲೆಗಳಲ್ಲಿ ಆಳಿನ ಆಕಾರ ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು, ಅದನ್ನು ಸುಟ್ಟು ಕರ್ಮ ಮುಗಿಸುತ್ತಾರೆ. ಆ ಅವಧಿ ಮುಗಿದಿತ್ತು. ಬರುವ ಅಮಾವಾಸ್ಯೆಗೆ ಮಾಡೋಣವೆಂದು ಭಟ್ಟರು ಕೇಳಿದ್ದರು. ತಂದೆ ತಾಯಿ ಸತ್ತಿದ್ದರು, ಹೂಂ ಎನ್ನಬೇಕಾದವರು ಅಕ್ಕ ಒಬ್ಬರೇ. ದಿನವೂ ಪರರ ಮನೆಯ ಸತ್ತವರಿಗೆ ದಾರಿ ತೋರಿಸುವ ಮನುಷ್ಯ, ಹೆಂಡತಿಯ ಒಂದು ಮಾತಿಗಾಗಿ ಸುಮ್ಮನೆ ಕಾಯುತ್ತಿದ್ದರು. ಹೂಂ ಎಂದರೆ ತಾನೇ ತಮ್ಮನನ್ನು ಇನ್ನೊಮ್ಮೆ ಹೊರಗೆ ಕಳಿಸಿದ ಹಾಗೆ, ಉಹೂಂ ಎಂದರೆ ಅವನು ಎಲ್ಲೂ ಸಲ್ಲದೆ ಅಲೆಯುತ್ತಾನೆ. ಸೀತಕ್ಕನಿಗೆ ಅನ್ನ ಸೇರುತ್ತಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ ಅವರು ಪುಸ್ತಕ ತರದೆ ಬಂದು ಕೂತರು. ಅವರಿಗೆ ಒಂದೇ ವಾಕ್ಯ ಬೇಕಿತ್ತು. ಕನ್ನಡದಲ್ಲಿ ಆಡಿ ಕೆಡಿಸಿದ್ದಾಗಿದೆ, ಆ ಬಾಯಲ್ಲಿ ಮತ್ತೆ ಕನ್ನಡದಲ್ಲಿ ಕರೆಯಲು ಹೆದರಿಕೆ ಎಂದರು. ನಾನು ಹೇಳಿಕೊಟ್ಟೆ. ಅವರು ನನ್ನ ಕಡೆ ನೋಡಲಿಲ್ಲ. ಮುಂಬಾಗಿಲ ಕಡೆ ಮುಖ ಮಾಡಿ, ಮಗ್ಗಿ ಒಪ್ಪಿಸುವ ಮಗುವಿನಂತೆ ಹೇಳತೊಡಗಿದರು. “ಇಫ್ ಯು ಕಮ್, ಐ ವಿಲ್ ಓಪನ್ ದಿ ಡೋರ್.” ಮತ್ತೆ. ಮತ್ತೆ. ದೀಪದ ಕುಡಿ ಅಲ್ಲಾಡಲಿಲ್ಲ. ಗಲ್ಲಿಯ ಗಂಟೆ ಜಾಗಟೆಯ ಸದ್ದೆಲ್ಲ ಒಮ್ಮೆಗೇ ನಿಂತ ಹಾಗಾಯಿತು.

“ಅಕ್ಕಾ.”

ಬಾಗಿಲಿನಾಚೆ, ಒಂದು ಮೊಳದಷ್ಟು ದೂರದಲ್ಲಿ. ಒಂದೇ ಸಲ.

ನಾನು ಸೀತಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಎರಡನೆಯ ಕೂಗಿಗೆ ಕಾಯಬೇಕೆಂಬ ಆ ಮನೆಯ ಕಟ್ಟುಪಾಡನ್ನು, ನಂಬದ ನಾನೇ, ಪಿಸುಗುಟ್ಟಿ ನೆನಪಿಸಿದೆ. ಜೀವಮಾನವೆಲ್ಲ ಅದನ್ನು ಮೀರದಿದ್ದ ಹೆಂಗಸು ಕೈ ಬಿಡಿಸಿಕೊಂಡು, ಬಂದೆ ಕಣೋ ಎನ್ನುತ್ತ ಹೋಗಿ ಅಗುಳಿ ತೆಗೆದರು.

ಯಾರೂ ಇರಲಿಲ್ಲ. ಬಾಗಿಲ ಕಲ್ಲು ಒದ್ದೆಯಾಗಿತ್ತು. ಅದು ಯಾವತ್ತೂ ಒದ್ದೆಯೇ ಎಂದು ನಾನು ನಿಮಗೆ ಮೊದಲೇ ಹೇಳಿದ್ದೇನೆ. ಯಾರಾದರೂ ಹಾದುಹೋಗುವವರು ಕರೆದಿರಬಹುದು ಎಂದೂ ಹೇಳಬಲ್ಲೆ. ಆದರೆ ಆ ಗಲ್ಲಿಯಲ್ಲಿ ಎಲ್ಲರೂ ದೀದಿ, ಭಾಭಿ, ಚಾಚಿ; ಯಾತ್ರಿಕರಿಗೆ ಸೀತಕ್ಕ ‘ಅಮ್ಮ’. ಅಕ್ಕಾ ಎಂದು ಕರೆಯುವ ಗಂಡುದನಿ ನನಗೆ ತಿಳಿದಂತೆ ಒಂದೂ ಇರಲಿಲ್ಲ.

ಸೀತಕ್ಕ ಖಾಲಿ ಕತ್ತಲೆಯನ್ನು ನೋಡುತ್ತ ನಿಂತರು. ಆಮೇಲೆ ಅಚ್ಚ ಕನ್ನಡದಲ್ಲಿ ಅಂದರು, “ಒಳಗೆ ಬಾರಪ್ಪ. ಅವತ್ತು ಅಕ್ಕ ಅಂದದ್ದು, ಬಿಡ್ತು.” ಒಂದು ತಂಬಿಗೆ ನೀರು ತಂದು, ಕಾಲು ತೊಳೆಯಲು ಕೊಡುವ ಹಾಗೆ, ಕಲ್ಲಿನ ಮೇಲಿಟ್ಟರು. ಭಟ್ಟರು ಘಾಟಿನಿಂದ ಬರುವವರೆಗೂ ಬಾಗಿಲು ಹಾಕಲಿಲ್ಲ. ಬಂದವರಿಗೆ, ನಾಳೆ ಮಾಡಿ ಎಂದಷ್ಟೇ ಹೇಳಿದರು. ತಂಬಿಗೆ ಒಳಗೆ ತಂದವಳು ನಾನು. ನೀರಿತ್ತೋ ಇಲ್ಲವೋ, ನಾನು ಅದರೊಳಗೆ ನೋಡಲಿಲ್ಲ.

ಮಾರನೆಯ ದಿನ ಮಣಿಕರ್ಣಿಕೆಯಲ್ಲಿ ಎಲೆಯ ನಾಗೇಶ ಸುಟ್ಟುಹೋದ. ಸಂಜೆ ಸೀತಕ್ಕ ಭಟ್ಟರನ್ನು ಕೇಳಿದರು, ಅಕಸ್ಮಾತ್ ಬಂದರೆ? ಅವರು ಗದರುತ್ತಾರೆಂದುಕೊಂಡೆ. ಗದರಲಿಲ್ಲ. ಅದಕ್ಕೂ ಶಾಸ್ತ್ರದಲ್ಲಿ ದಾರಿಯಿದೆ ಎಂದರು. ಕರ್ಮ ಮುಗಿದ ಮೇಲೆ ಮನುಷ್ಯ ಜೀವಂತ ಬಂದರೆ ಅವನಿಗೆ ತುಪ್ಪದಲ್ಲಿ ಸ್ನಾನ ಮಾಡಿಸಬೇಕು, ಹುಟ್ಟಿದ ಕೂಸಿಗೆ ಮಾಡುವ ಹಾಗೆ ಜಾತಕರ್ಮ ಮಾಡಬೇಕು, ಹೆಸರಿಡಬೇಕು, ಆಮೇಲೆ ಮನೆಯೊಳಗೆ ಕರೆದುಕೊಳ್ಳಬೇಕು. ನನ್ನ ವ್ಯಾಕರಣದ ಪುಸ್ತಕದಲ್ಲಿ, ಆಗಿಹೋದದ್ದರ ‘ಇಫ್’ಗೆ ಬರೀ ಹಳಹಳಿಕೆ ಇತ್ತು. ಇಂಥ ಬಾಗಿಲು ಇರಲಿಲ್ಲ. ಅವತ್ತೇ ಸೀತಕ್ಕ ಒಂದು ಭರಣಿ ತುಪ್ಪ ತೆಗೆದು ಅಟ್ಟದ ಮೇಲಿಟ್ಟರು.

ತುಪ್ಪ ಹಳತಾದರೆ ಕನರುತ್ತದಲ್ಲ, ಅದಕ್ಕೇ ವರ್ಷಕ್ಕೊಮ್ಮೆ ಹೊಸ ತುಪ್ಪ ಒಯ್ದು ಭರಣಿ ತುಂಬುವುದು ನನ್ನ ಪಾಲಿನ ಕೆಲಸ. ಈಗ ಒಲೆಯ ಮೇಲಿರುವುದು ಅದೇ. ನಾಳೆ ಬರುತ್ತೇನೆಂದು ಹೇಳಲು ಈಗಷ್ಟೇ ಫೋನು ಮಾಡಿದ್ದೆ. ಸೀತಕ್ಕನಿಗೆ ಮಂಡಿನೋವು, ಮಗಳಿಗೆ ಮದುವೆಯಾಗಿದೆ, ಭಟ್ಟರು ಘಾಟಿಗೆ ಹೋಗಿದ್ದಾರೆ, ಮನೆಯಲ್ಲಿ ಅವರೊಬ್ಬರೇ. ಅದೂ ಇದೂ ಮಾತಾಡುತ್ತಿರುವಾಗ ಅವರ ದನಿಯ ಹಿಂದೆ ಯಾರೋ ಕರೆದರು. ಒಂದೇ ಸಲ. ಕನ್ನಡದಲ್ಲಿ.

ಯಾರಕ್ಕ ಅದು ಎಂದು ಕೇಳಿದೆ.

“ಸಂಜೆ ಆಯ್ತಲ್ಲ, ಕರೀತಾನೆ,” ಎಂದರು ಸೀತಕ್ಕ, ಹಾಲಿನವನ ಸುದ್ದಿ ಹೇಳುವಷ್ಟು ಸಲೀಸಾಗಿ. “ನೋಡು, ಈ ಸಲ ತುಪ್ಪ ಸ್ವಲ್ಪ ಜಾಸ್ತಿ ತಾರಮ್ಮ. ಹೋದಾಗ ಸಣಕಲನಿದ್ದ. ಈಗ ವಯಸ್ಸಾಯ್ತು, ಮೈ ಬಂದಿರುತ್ತೆ.”

ಫೋನಿಟ್ಟೆ. ಆಮೇಲೆ ಡಬ್ಬಿಯಲ್ಲಿ ಉಳಿದಿದ್ದ ಬೆಣ್ಣೆಯನ್ನೆಲ್ಲ ಬಳಿದು ಬಾಣಲೆಗೆ ಹಾಕಿದೆ.