ಕರೆದರೆ ಓಗೊಡುವ ಹೆಸರು

ತೊಟ್ಟಿಲಿಗೆ ಹಾಸಲು ಮೆತ್ತಗಿನ ಹಳೆಯ ಸೀರೆ ಬೇಕಿತ್ತು. ಟ್ರಂಕಿನ ತಳಕ್ಕೆ ಕೈ ಹಾಕಿದಾಗ ಬೆರಳಿಗೆ ಸಿಕ್ಕಿದ್ದು ಒಣಗಿದ ರಂಜೆ ಹೂವಿನ ಮಾಲೆ. ಬಾಳೆನಾರು ಮುಟ್ಟಿದಲ್ಲೆಲ್ಲ ಪುಡಿಯಾಗುತ್ತಿತ್ತು. ಪರಿಮಳ ಮಾತ್ರ ಹಾಗೇ ಇತ್ತು. ಈ ಹೂವಿನ ಹಟವೇ ಅಂಥದ್ದು.

ಅಷ್ಟರಲ್ಲಿ ಬಾಣಂತಿ ಮಗಳು ಒಳಕೋಣೆಯಿಂದ ಕೂಗಿದಳು. "ಅಮ್ಮಾ, ಹೆಸ್ರ್ ಸಿಕ್ತ್! ಬಕುಲ. ರಂಜಿ ಹೂವಿಗೆ ಹಂಗ್ ಹೇಳುದಂಬ್ರ್. ಆರೆ ಲ ಬರೂದಾ, ಳ ಬರೂದಾ? ಫೋನಲ್ಲ್ ಎರಡೂ ಇತ್ತ್."

ನಾಳೆ ಮೊಮ್ಮಗಳಿಗೆ ಹೆಸರಿಡುವ ದಿನ. ಆ ಹೆಸರನ್ನು ನಾನು ಮಗಳೆದುರು ಒಮ್ಮೆಯೂ ಎತ್ತಿದವಳಲ್ಲ. ಮೂವತ್ತು ವರ್ಷದಿಂದ ಬಾಯೊಳಗೇ ಇಟ್ಟುಕೊಂಡಿದ್ದೆ. ಮಾಲೆ ಹಿಡಿದು ಟ್ರಂಕಿನ ಮುಂದೆ ಕುಳಿತುಬಿಟ್ಟೆ...

ಕೋಟೇಶ್ವರದಿಂದ ಕಡಲ ಕಡೆಗೆ ಇಳಿದರೆ ನನ್ನ ತೌರುಮನೆ. ಪಕ್ಕದ ಮನೆಯಾಕೆಯನ್ನು ಚಿಕ್ಕಿ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇರಲಿಲ್ಲ. ಮೀನಿನ ಬುಟ್ಟಿ ಹೊತ್ತು ಹಾಲಾಡಿ ಬಸ್ಸು ಹತ್ತುವ ಗಟ್ಟಿ ಹೆಂಗಸು. ಬಾಯಿ ತೆರೆದರೆ ಕಂಡಕ್ಟರನೂ ಸುಮ್ಮನಾಗಬೇಕು. ಬೆಳಿಗ್ಗೆ ಹಿತ್ತಿಲ ರಂಜೆ ಮರದಡಿ ಬಿದ್ದ ಹೂ ಆರಿಸಿ, ಕಟ್ಟಿ, ಮುಡಿದೇ ಹೊರಡುತ್ತಿದ್ದಳು.

ನಾನು ಹುಟ್ಟಿದ ವಾರವೇ ಅವಳಿಗೂ ಹೆಣ್ಣು ಹುಟ್ಟಿತ್ತಂತೆ. ಬೊಂಬಾಯಿಯ ಹೋಟೆಲಿನಲ್ಲಿದ್ದ ಗಂಡ, ಬಕುಲ ಎಂದು ಹೆಸರಿಡಿ ಅಂತ ಹೇಳಿ ಕಳಿಸಿದ್ದನಂತೆ. ಹೆಸರಿಡಲು ಎರಡು ದಿನ ಇರುವಾಗ ಕೂಸು ಹೋಯಿತು.

ಇದೆಲ್ಲ ನನಗೆ ತಿಳಿದದ್ದು ಬಳೆಯ ದೆಸೆಯಿಂದ. ವರ್ಷಕ್ಕೊಮ್ಮೆ ಬಳೆಗಾರ ಬಂದಾಗ ಚಿಕ್ಕಿ ಬೇಲಿಯಾಚೆಯಿಂದ ಕರೆಯುತ್ತಿದ್ದಳು. "ಹೆಣೆ, ಕೈ ಕೊಡ್ ಕಾಂಬ." ನನ್ನ ಕೈಗೆ ಹಸಿರು ಬಳೆ ಏರಿಸಿ, ಸರಿಯಾದರೆ ಮೆಲ್ಲನೆ ತೆಗೆದು, ಕಾಗದದಲ್ಲಿ ಸುತ್ತಿ ಒಳಗೆ ಒಯ್ಯುತ್ತಿದ್ದಳು. ನನಗೊಂದೂ ಕೊಡುತ್ತಿರಲಿಲ್ಲ. ಎಂಟು ವರ್ಷದವಳಿದ್ದಾಗ ಸಿಟ್ಟು ಬಂದು, ಯಾರಿಗೆ ಇದು ಎಂದು ಕೇಳಿದೆ.

"ನಮ್ ಹುಡ್ಗಿಗ್. ಅವ್ಳ್ ಕೈಯೂ ಈಗ ಇಷ್ಟೇ ಆಯಿರತ್ತ್ ಅಲ್ದಾ?" ಎಂದಳು, ಹಾಸ್ಟೆಲಿನಲ್ಲಿ ಓದುವ ಮಗಳ ಸುದ್ದಿ ಹೇಳಿದ ಹಾಗೆ.

ನಾನು ಓಡಿಹೋಗಿ ಅಮ್ಮನ ಸೆರಗು ಹಿಡಿದೆ. ಹೋದ ಕೂಸಿನ ಕತೆಯನ್ನು ಅಮ್ಮ ಆಗಲೇ ಹೇಳಿದ್ದು. ಆದರೆ ಮಾರನೆಯ ವರ್ಷ ಮತ್ತೆ ಕೈ ಕೊಟ್ಟೆ. ಕೊಡದಿದ್ದರೆ ಅವಳ ಕೈ ಬೆಳೆಯುವುದು ಹೇಗೆ ಎಂಬ ಚಿಂತೆ ನನಗೇ ಹತ್ತಿಕೊಂಡಿತ್ತು.

ಹಸುಗೂಸಾಗಿ ಹೋದವರೂ ಆ ಕಡೆ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದರೆ ಅವರಿಗೂ ಮದುವೆ ಮಾಡಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ. ನನಗೆ ಇಪ್ಪತ್ತೆರಡಾದಾಗ ಚಿಕ್ಕಿಯ ಮಗಳಿಗೆ ಯಡ್ತರೆಯಿಂದ ಸಂಬಂಧ ಬಂತು. ಆ ಹುಡುಗನೂ ಕೂಸಿದ್ದಾಗಲೇ ಹೋದವನು. ಗಂಡಿನ ಕಡೆಯವರು ಹೆಣ್ಣಿನ ಹೆಸರು ಬರೆದು ಕಳಿಸಲು ಹೇಳಿದರು. ಚಿಕ್ಕಿಗೆ ಅಕ್ಷರ ಬಾರದು, ಆ ಹೆಸರು ಆರಿಸಿದ ಗಂಡನೂ ಆಗ ಬದುಕಿರಲಿಲ್ಲ. ನನ್ನನ್ನು ಕರೆದಳು.

ಮುಸ್ಸಂಜೆಯ ಹೊತ್ತು. ಹಿತ್ತಿಲ ಹೊಸ್ತಿಲಲ್ಲಿ ಕುಳಿತು, ಲ ಬರೆಯಲೋ ಳ ಬರೆಯಲೋ ಎಂದು ಕೇಳಿದೆ.

"ತಡಿ, ಅವ್ಳನ್ನೇ ಕೇಂಬ," ಎಂದಳು ಚಿಕ್ಕಿ. ರಂಜೆ ಮರದ ಕಡೆ ತಿರುಗಿ, ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಕರೆದಳು.

"ಬಕುಲಾ..."

ಕಡಲಿನ ಸದ್ದು ಬಿಟ್ಟರೆ ಏನೂ ಇಲ್ಲ. ಸ್ವಲ್ಪ ತಾಳಿ ಮತ್ತೆ, "ಬಕುಳಾ..."

"ಓ" ಎಂದೆ ನಾನು.

ಅನ್ನಬೇಕೆಂದು ಅಂದದ್ದಲ್ಲ. ನನ್ನ ಹೆಸರು ಬೇರೆ, ನನ್ನನ್ನು ಯಾರೂ ಕರೆದಿರಲಿಲ್ಲ. ಬಾಯಿ ನನ್ನದೇ, ಧ್ವನಿಯೂ ನನ್ನದೇ ಇರಬೇಕು... ಚಿಕ್ಕಿ ಹಿಂತಿರುಗಿ ನನ್ನ ಮುಖವನ್ನೇ ನೋಡಿದಳು. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ, ಹೆತ್ತ ತಾಯಿಯೂ, ನೋಡಿದ್ದು ನೆನಪಿಲ್ಲ.

"ಇದೇ ಬರಿ," ಎಂದಳು. ಬರೆದೆ.

ಬದುಕಿದ್ದವರಿಗೆ ಮದುವೆ ಮಾಡದ ಆಸಾಡಿ ತಿಂಗಳಲ್ಲಿ ಅವರಿಬ್ಬರ ಮದುವೆಯಾಯಿತು. ಮಣೆಯ ಮೇಲೆ ಸೀರೆ, ಹೂವು, ನನ್ನ ಕೈ ಅಳತೆಯ ಹಸಿರು ಬಳೆ. ಮುಂದಿನ ವರ್ಷ ಬಳೆಗಾರ ಬಂದಾಗ ನಾನಾಗಿಯೇ ಬೇಲಿಯ ಹತ್ತಿರ ಹೋಗಿ ನಿಂತೆ. ಚಿಕ್ಕಿ ಕರೆಯಲಿಲ್ಲ. ಮಗಳು ಗಂಡನ ಮನೆಗೆ ಹೋಗಿಯಾಗಿತ್ತಲ್ಲ. ನನಗೆ ನಾಚಿಕೆ ಬಿಟ್ಟು ಅಳು ಬಂತು. ನನ್ನ ಮದುವೆಯ ದಿನ ಅವಳೇ ಈ ಮಾಲೆಯನ್ನು ನನಗೆ ಮುಡಿಸಿದ್ದು.

ಚಿಕ್ಕಿ ಹೋಗಿ ಹತ್ತು ವರ್ಷ. ಕೊನೆಗಾಲದಲ್ಲಿ ಹಿತ್ತಿಲ ಬಾಗಿಲಲ್ಲಿ ಕುಳಿತು ದಿನವಿಡೀ ಮಗಳನ್ನು ಕರೆಯುತ್ತಿದ್ದಳಂತೆ. ಒಮ್ಮೆ ಬಂದು ಹೋಗು ಎಂದು ತೌರಿನವರು ನನಗೆ ಹೇಳಿ ಕಳಿಸಿದ್ದರು. ನನ್ನ ಗಂಡನ ಮನೆಯಿರುವ ಬ್ರಹ್ಮಾವರದಿಂದ ಅಲ್ಲಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ನಾನು ಹೋಗಲಿಲ್ಲ. ಹೆದರಿದ್ದೆ. ಅವಳು ಕರೆದಾಗ ಮತ್ತೆ ಬಾಯಿಂದ ಓ ಎಂದು ಬಂದರೆ, ಆಮೇಲೆ ನಾನು ಯಾರಾಗಿ ಮನೆಗೆ ಮರಳುವುದು ಎಂದು ಹೆದರಿದ್ದೆ.

"ಅಮ್ಮಾ, ಎಂತ ಮಾಡ್ತ್ರಿ ಅಲ್ಲ್? ಬಿಡಿ, ಕೂಸನ್ನೇ ಕೇಂತೆ," ಎಂದು ಮಗಳು ನಗುವುದು ಕೇಳಿಸಿತು. "ಬಕುಲಾ..."

ಎದ್ದು ಓಡಿದೆ. ಎರಡನೆಯದನ್ನು ಕರೆಯಲು ಬಾಯಿ ತೆರೆದಿದ್ದಳು.

"ಲ ಬರಿ! ಅದೇ ಸಾಕ್," ಎಂದೆ.

"ಎಂತಕಮ್ಮಾ? ಳ ಚಂದ ಇಲ್ಯಾ?"

"ಚಂದ ಇತ್ತ್. ಆರೆ ಅದ್ ಬೇರೆಯವ್ರ ಮಗ್ಳ್ ಹೆಸ್ರ್."

ಯಾರ ಮಗಳು ಎಂದು ಅವಳು ಕೇಳಿದಳು. ನಾನು ತೊಟ್ಟಿಲಿಗೆ ಸೀರೆ ತರಲು ತಿರುಗಿದೆ. ಕೂಸು ಮುಷ್ಟಿ ಬಿಗಿಹಿಡಿದು ನಿದ್ದೆಯಲ್ಲಿತ್ತು.

ಸಂಜೆ ಮಾಲೆಯನ್ನು ಕೈಯಲ್ಲಿ ಹಿಡಿದು ಹಿತ್ತಿಲಿಗೆ ಹೋದೆ. ಇಲ್ಲಿ ರಂಜೆ ಮರವಿಲ್ಲ, ಕಡಲಿನ ಸದ್ದೂ ಕೇಳುವುದಿಲ್ಲ. ಸುಮಾರು ಹೊತ್ತು ಕಾದೆ. ಯಾರೂ ಕರೆಯಲಿಲ್ಲ.

ಆದರೂ "ಓ" ಎಂದೆ. ಹತ್ತು ವರ್ಷ ತಡವಾಗಿತ್ತು.