ಅಕ್ಕನ ಬಿಳಿಕಲ್ಲಿಗೆ ನಾನು ಹಚ್ಚಿದ ಬಿಂಬುಳಿ

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಕಪ್ಪೆಚಿಪ್ಪಿನ ಮೇಲೆ ಲಿಂಬೆರಸ ಬಿಟ್ಟು, ಗುಳ್ಳೆ ಏಳುವುದನ್ನು ತೋರಿಸಿ, ಹುಳಿ ಸುಣ್ಣವನ್ನು ತಿನ್ನುತ್ತದೆ ಎಂದು ಮಕ್ಕಳ ಕೈಯಲ್ಲಿ ಎಷ್ಟು ಸಲ ಬರೆಸಿದ್ದೇನೋ. ಅಷ್ಟೂ ವರ್ಷದಲ್ಲಿ ಆ ಪಾಠ ತಲೆಗೆ ಹತ್ತದೆ ಉಳಿದ ವಿದ್ಯಾರ್ಥಿ ಒಬ್ಬನೇ, ಅದು ನಾನೇ ಎಂದು ಈಗ ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ.

ನನ್ನ ಗಿರ್ಜಕ್ಕ ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ತಲ್ಲೂರು, ಬಸ್ರೂರು ಸುತ್ತಿದವಳು. ನಾನು ಓದಿ ಮಾಸ್ತರನಾದದ್ದೂ ಆ ಬುಟ್ಟಿಯಿಂದಲೇ. ಬಸ್ರೂರಿನ ಒಂದು ಮನೆಯ ಜಗಲಿಗೆ ಬಿಳಿ ಅಮೃತಶಿಲೆ ಹಾಸಿದ್ದರು. ಮೀನಿನ ನೀರು ಬಿದ್ದೀತೆಂದು ಅಕ್ಕನನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದರಂತೆ. ಅವಳಿಗೆ ಅದರ ಬೇಸರವಿರಲಿಲ್ಲ, ಆ ಕಲ್ಲಿನ ಮೇಲೆ ಮಾತ್ರ ಕಣ್ಣಿತ್ತು. ಮೊಣಕಾಲು ನೋವೆಂದು ವ್ಯಾಪಾರ ಬಿಟ್ಟ ವರ್ಷ, ಎರಡು ಸಾವಿರದ ಆರೋ ಏಳೋ ಇರಬೇಕು, ಕುಂದಾಪುರದ ಕಡಲ ಬದಿಯಲ್ಲಿದ್ದ ತನ್ನ ಸಣ್ಣ ಮನೆಯ ಜಗಲಿಗೆ ಅಂಥದೇ ಬಿಳಿಕಲ್ಲು ಹಾಕಿಸಿದಳು. ನನ್ನ ಮನೆ ಅಲ್ಲೇ ಪಕ್ಕದ್ದು.

ಅಲ್ಲಿಂದ ಶುರುವಾಯಿತು ನೋಡಿ ಕಾವಲು. ನಮ್ಮೂರ ಕೆಂಪುಮಣ್ಣು ಹತ್ತಿದ ಕಾಲು ಕಲ್ಲಿನ ಮೇಲೆ ಬೀಳುವಂತಿಲ್ಲ. ಬಾಯಲ್ಲಿ ಎಲೆಅಡಿಕೆ ಇದ್ದವರು ಹತ್ತಿರ ಸುಳಿಯುವಂತಿಲ್ಲ. ಪೋಸ್ಟಿನವನು ಅಂಗಳದಿಂದಲೇ ಕಾಗದ ಚಾಚುತ್ತಿದ್ದ. ಬಂದವರೆಲ್ಲ ಕೂರಬೇಕಾದದ್ದು ಸಿಮೆಂಟಿನ ಮೆಟ್ಟಿಲ ಮೇಲೆ. ಅಕ್ಕನೂ ಅಲ್ಲೇ ಕೂರುತ್ತಿದ್ದಳು.

ಜನ ಕಲ್ಲಿನಷ್ಟು ಗಟ್ಟಿ ಎನ್ನುತ್ತಾರೆ, ಕಲ್ಲೆದೆಯವನು ಎಂದು ಬೈಯುತ್ತಾರೆ. ಅಮೃತಶಿಲೆಯನ್ನು ಮನೆಗೆ ತಂದವರನ್ನು ಕೇಳಿ, ಹಸುಗೂಸನ್ನು ಸಾಕುವುದು ಅದಕ್ಕಿಂತ ಸುಲಭ ಎಂದಾರು. ಅಸಲಿಗೆ ಅದು ಸುಣ್ಣದ ಜಾತಿಯೇ. ಯಾವುದೋ ಕಾಲದ ಕಡಲಿನ ಚಿಪ್ಪು ನೆಲದಡಿಯಲ್ಲಿ ಬೆಂದು ಬಿಗಿದು ಹಾಗಾದದ್ದು. ನೀನು ರಾಜಸ್ಥಾನದಿಂದ ಲಾರಿಯಲ್ಲಿ ತರಿಸಿದ್ದು ಕಡಲನ್ನೇ ಎಂದು ನಾನು ವಿವರಿಸಿದಾಗ, ಹಾಗಾದರೆ ಇಲ್ಲೇ ಹೆಕ್ಕಬಹುದಿತ್ತಲ್ಲ ಎಂದು ಅಕ್ಕ ನಕ್ಕಿದ್ದಳು. ವಿಜ್ಞಾನ ಅವಳ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅದೇ ವರ್ಷದ ಮೇ ತಿಂಗಳ ಕೊನೆಗೆ ಅವಳು ತಟ್ಟಿ ಹೆಣೆಸಲು ಹೊರಟಳು. ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲು ಹೆಣೆದು ಜಗಲಿಯ ಪಡುಬದಿಗೆ ಕಟ್ಟುವುದು ನಮ್ಮ ಕಡೆಯ ವಾಡಿಕೆ. ಕಡಲ ಗಾಳಿ ಮಳೆಯನ್ನು ಮೇಲಿಂದ ತರುವುದಿಲ್ಲ, ಅಡ್ಡಕ್ಕೆ ತರುತ್ತದೆ. ಅಮೃತಶಿಲೆಗೆ ಮಡಲಿನ ತಟ್ಟಿಯೇ, ರೇಷ್ಮೆ ಸೀರೆಗೆ ಗೋಣಿ ಹೊದಿಸಿದ ಹಾಗೆ ಎಂದು ನಾನು ತಡೆದೆ. ದಪ್ಪ ಪ್ಲಾಸ್ಟಿಕ್ ತಂದು ಕಲ್ಲಿಗೇ ಹಾಸಿ, ನಾಲ್ಕು ಮೂಲೆಗೆ ಭಾರ ಹೇರಿ, ಇನ್ನು ಒಂದು ಹನಿ ಒಳಗೆ ಹೋದರೆ ನನ್ನನ್ನು ಕೇಳು ಎಂದೆ. ಓದಿದ ತಮ್ಮ ಹೇಳಿದ್ದಲ್ಲವೇ, ಅಕ್ಕ ಒಪ್ಪಿದಳು. ಮಗಳನ್ನು ನೋಡಿ ಬರಲು ಬೈಂದೂರಿಗೆ ಹೊರಟಾಗ ಮಾತ್ರ ತಿರುಗಿ ನಿಂತು ಒಂದು ಮಾತು ಹೇಳಿದಳು.

"ಕಲ್ಲ್ ಕಂಡ್ಕೋ ಮರಾಯಾ. ನಾನ್ ನಂಗೆ ಅಂದೇಳಿ ಆಸಿ ಪಟ್ಟದ್ ಅದೊಂದೇ."

ಅವಳು ಹೋದ ಮರುದಿನವೇ ಗಾಳಿಮಳೆ ಹಿಡಿಯಿತು. ಎರಡು ದಿನ ಹೊಡೆದದ್ದೇ ಹೊಡೆದದ್ದು. ಪ್ಲಾಸ್ಟಿಕ್ಕಿಗೆ ಒಂದು ಬುದ್ಧಿಯಿದೆ, ಅಂಚಿನಿಂದ ಹೇಗೋ ನುಗ್ಗಿದ ನೀರನ್ನು ಅದು ಮತ್ತೆ ಹೊರಗೆ ಬಿಡುವುದಿಲ್ಲ. ಮೂರನೇ ದಿನ ಬೆಳಿಗ್ಗೆ ಎತ್ತಿ ನೋಡಿದರೆ, ಅಂಗಳದ ಕೆಂಪುನೀರು ಜಗಲಿಯ ನಡುವೆ ಒಂದು ಚಾಪೆಯಗಲಕ್ಕೆ ಕಲೆಯಾಗಿ ಕೂತಿತ್ತು. ಈಗ ಯಾರು ಕೇಳಿದರೂ ಹೇಳುತ್ತೇನೆ, ಕಲ್ಲಿಗೆ ಹೊದಿಸಬೇಡಿ, ಗಾಳಿಗೆ ತಟ್ಟಿ ಕಟ್ಟಿ ಎಂದು. ಆವತ್ತು ಆ ಬುದ್ಧಿ ಇರಲಿಲ್ಲ. ಅಕ್ಕ ಸಂಜೆಯ ಬಸ್ಸಿಗೆ ಬರುವವಳು.

ಸಾಬೂನಿಗೆ ಕಲೆ ಜಗ್ಗಲಿಲ್ಲ. ನಮ್ಮ ಮನೆಗಳಲ್ಲಿ ಎಲ್ಲ ಕೊಳೆಗೂ ಕೊನೆಯ ಮದ್ದು ಬಿಂಬುಳಿ, ಮೀನಿನ ಸಾರಿಗೆ ಹಾಕುವ ಹುಳಿಕಾಯಿ. ಕೈಯ ಮೀನುವಾಸನೆಗೆ ಅದು, ದೀಪದ ಕಿಲುಬಿಗೆ ಅದು, ಕತ್ತಿಯ ತುಕ್ಕಿಗೂ ಅದೇ. ಹಿತ್ತಲ ಮರದಿಂದ ಬುಟ್ಟಿ ತುಂಬ ಕೊಯ್ದು, ಜಜ್ಜಿ ಹಚ್ಚಿ, ತೆಂಗಿನ ಸಿಪ್ಪೆಯಲ್ಲಿ ತಿಕ್ಕಿದೆ. ಸಣ್ಣಗೆ ಗುಳ್ಳೆ ಎದ್ದಿತು. ಆಹಾ, ಕೊಳೆ ಬಿಡುತ್ತಿದೆ ಎಂದು ಹಿಗ್ಗಿ ಇನ್ನಷ್ಟು ಹಚ್ಚಿದೆ. ಕೆಂಪು ಹೋಯಿತು, ಸುಳ್ಳಲ್ಲ. ಜೊತೆಗೆ ಹೊಳಪೂ ಹೋಯಿತು. ಚಾಪೆಯಗಲದ ಜಾಗ ಒಣಗಿದ ಗಂಜಿಯ ಹಾಗೆ ಮಂಕಾಗಿ, ಮುಟ್ಟಿದರೆ ತರಿತರಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ಗುಳ್ಳೆ ಯಾಕೆ ಬಂತೆಂದು ಹೊಳೆದದ್ದು ಆಗ.

ಸಂಜೆ ಅಕ್ಕ ಬಂದಳು. ಒದ್ದೆ ಕೊಡೆಯನ್ನು ಮೆಟ್ಟಿಲಿಗೆ ಒರಗಿಸಿ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಒಂದೂ ಬಿಡದೆ ಹೇಳಿದೆ, ಪಾಲಿಶಿನವರನ್ನು ಕರೆಸುತ್ತೇನೆಂದೂ ಹೇಳಿದೆ. ಅವಳು ಅಳುತ್ತಾಳೆಂಬ ಹೆದರಿಕೆಗೆ ನನಗೇ ಅಳು ಬಂದಿತ್ತು. ಅಕ್ಕ ಬಗ್ಗಿ ಮಂಕಾದ ಜಾಗವನ್ನು ಅಂಗೈಯಿಂದ ಸವರಿದಳು. ಮೆಲ್ಲಗೆ ಅವಳ ಭುಜ ಅಲುಗತೊಡಗಿತು. ನೋಡಿದರೆ, ನಗುತ್ತಿದ್ದಳು.

"ಪಾಲೀಶು ಗೀಲೀಶು ಎಂತದೂ ಬ್ಯಾಡ," ಎಂದಳು. "ಅಂತೂ ಒಬ್ಬ ಹಾಳ್ ಮಾಡ್ದ. ಇನ್ ನಾ ಕಾಯುದ್ ಬ್ಯಾಡ."

ಎಂದವಳೇ ಹೋಗಿ ಜಗಲಿಯ ನಟ್ಟನಡುವೆ ಕಾಲು ಚಾಚಿ ಕೂತಳು. ಮಳೆಯಲ್ಲಿ ಹೋಗುತ್ತಿದ್ದ ನೆರೆಮನೆಯ ಇಬ್ಬರು ಹೆಂಗಸರನ್ನು ಹ್ವಾಯ್ ಎಂದು ಕೂಗಿ ಮೇಲಕ್ಕೆ ಕರೆದಳು. ಅವರು ತಮ್ಮ ಕೆಸರುಗಾಲು ನೋಡಿಕೊಂಡು ಅನುಮಾನಿಸಿದಾಗ, ಕಾಲು ತೊಳೆಯುವುದೂ ಬೇಡ, ಬನ್ನಿ ಎಂದಳು. ಅವರಿಗೆ ಗಾಬರಿಯೇ ಆಗಿರಬೇಕು. ನಮ್ಮ ಮನೆಯಿಂದ ಚಾ ಬಂತು, ಬೈಂದೂರಿನ ಸುದ್ದಿ ಬಂತು. ನಾನು ಇನ್ನೂ ಮೆಟ್ಟಿಲ ಮೇಲೇ ನಿಂತಿದ್ದೆ.

"ನೀ ಎಂತಕ್ ನಿಂತದ್? ಕೂಕೋ," ಎಂದಳು.

ಕೂತೆ. ಕಲ್ಲು ತಣ್ಣಗಿತ್ತು. ಐದು ತಿಂಗಳಿನಿಂದ ಅದನ್ನು ನಮ್ಮೆಲ್ಲರ ಕಾಲುಗಳಿಂದ ಕಾಪಾಡಿದ ಅಕ್ಕನಿಗೂ, ಅದು ಅಷ್ಟು ತಣ್ಣಗಿದೆಯೆಂದು ಗೊತ್ತಾದದ್ದು ಆವತ್ತೇ.