ಉಪ್ಪಿನಕಾಯಿ ಮುಚ್ಚಳದ ಕಾಯಿಲ್

ನಮ್ಮ ಮನೆಯ ಅಟ್ಟದ ಮೇಲೆ, ಹಬ್ಬಕ್ಕೆ ಮಾತ್ರ ಇಳಿಯುವ ದೊಡ್ಡ ಪಾತ್ರೆಗಳ ಪಕ್ಕದಲ್ಲಿ, ಒಂದು ಮೆಟಲ್ ಡಿಟೆಕ್ಟರ್ ಇರುತ್ತದೆ. ಉದ್ದನೆಯ ಕೋಲು, ಹಿಡಿಯ ಹತ್ತಿರ ಪುಟ್ಟ ಪೆಟ್ಟಿಗೆ, ತುದಿಯಲ್ಲಿ ತಟ್ಟೆಯ ಹಾಗೆ ದುಂಡಗಿನ ಕಾಯಿಲ್. ನೆಲದ ಮೇಲೆ ಆಡಿಸಿದರೆ, ಕೆಳಗೆ ಲೋಹ ಇದ್ದ ಕಡೆ ಕೂಗುತ್ತದೆ. ನಮ್ಮ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂಥ ಕಾಯಿಲ್‌ಗಳಿಗೆ ತಂತಿ ಸುತ್ತುವ ಕೆಲಸದಲ್ಲಿದ್ದರು. ಬಿಸ್ಕತ್ತಿನ ಪೊಟ್ಟಣದಲ್ಲಿ ಕಬ್ಬಿಣದ ಚೂರು ಸೇರಿಕೊಂಡಿದೆಯೇ ಎಂದು ನೋಡುವ ಯಂತ್ರಗಳ ಕಾಯಿಲ್‌ಗಳು ಅವು. ಕೆಲಸ ಬಿಟ್ಟ ಮೇಲೆ ಕೈ ಸುಮ್ಮನಿರಲಾರದೆ, ಕೈಯಲ್ಲಿ ಹಿಡಿದು ಓಡಾಡುವ ಈ ಯಂತ್ರವನ್ನು ಯಾರಿಂದಲೋ ಹಳೆಯದು ಕೊಂಡು ತಂದರು. ಲಗ್ಗೆರೆಯ ನಮ್ಮ ಬೀದಿಯಲ್ಲಿ ಯಾರ ಮನೆಯ ನೀರಿನ ಪೈಪು ಎಲ್ಲಿ ಹೂತಿದೆ ಎಂದು ತಿಳಿಯದಿದ್ದರೆ ಇವರಿಗೇ ಕರೆ.

ಯಂತ್ರದ ಜೊತೆ ಬಂದ ಕಾಯಿಲ್ ನನ್ನ ದೋಸೆ ಹೆಂಚಿನಷ್ಟು ಅಗಲ. ಇನ್ನೊಂದು, ಅಂಗೈಯಷ್ಟರದು, ಇವರೇ ಮಾಡಿದ್ದು. ಒಮ್ಮೆ ನನ್ನ ಓಲೆಯ ತಿರುಪು ತುಳಸಿ ಕುಂಡದ ಸುತ್ತ ಎಲ್ಲೋ ಬಿದ್ದುಹೋಗಿತ್ತು. ಇಷ್ಟು ಚಿಕ್ಕ ವಸ್ತುವಿಗೆ ಚಿಕ್ಕ ಕಾಯಿಲ್ಲೇ ಬೇಕು ಎಂದು ಇವರು ನನ್ನ ಉಪ್ಪಿನಕಾಯಿ ಜಾಡಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದುಕೊಂಡು ಅದರ ಸುತ್ತ ತಂತಿ ಸುತ್ತಲು ಕೂತರು. ಮೂರು ದಿನ ಸುತ್ತಿದರು. ಅಷ್ಟರಲ್ಲಿ ನಾನು ಹಿಟ್ಟಿನ ಜರಡಿಯಲ್ಲಿ ಮಣ್ಣು ಜರಡಿ ಹಿಡಿದು ತಿರುಪು ತೆಗೆದು ಹಾಕಿಕೊಂಡೂ ಆಗಿತ್ತು. ಕಾಯಿಲ್ ಹಿಡಿದು ಬಂದವರ ಎದುರು ಕಿವಿ ತೋರಿಸಿ ನಕ್ಕುಬಿಟ್ಟೆ. ಅವರೂ ನಕ್ಕರು. ಆದರೆ ಆ ಕಾಯಿಲ್ಲನ್ನು ಹಳೆ ಟವೆಲ್‌ನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವರು ಮತ್ತೆ ಅದರ ಮಾತೆತ್ತಲಿಲ್ಲ. ನಗಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಹೋದ ವರ್ಷ ನಮ್ಮ ಮಹಡಿಯ ಕೋಣೆಗೆ ಬಾಗಲಕೋಟೆ ಕಡೆಯ ಒಬ್ಬಾಕೆ ಬಾಡಿಗೆಗೆ ಬಂದಳು. ಪ್ಯಾಕಿಂಗ್ ಕೆಲಸ, ಪಾಳಿಯ ಮೇಲೆ ಹೋಗುತ್ತಾಳೆ. ಅವಳ ತಾಯಿ ನಾಲ್ಕು ತಿಂಗಳಿದ್ದು ಹೋಗುತ್ತೇನೆಂದು ಬಂದರು. ಎಪ್ಪತ್ತು ದಾಟಿದ ಅಜ್ಜಿ. ಇಳಕಲ್ ಸೀರೆ, ಎದೆಯ ಮೇಲೆ ದಾರದಲ್ಲಿ ಸದಾ ತೂಗುವ ಬೆಳ್ಳಿಯ ಗುಂಡಗಡಗಿ. ನಿಂಬೆಹಣ್ಣಿನಷ್ಟು ದಪ್ಪದ ಆ ಕರಡಿಗೆಯೊಳಗೆ ಅವರ ಇಷ್ಟಲಿಂಗ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ಅವರು ಚಹಾವನ್ನೂ ಮುಟ್ಟುತ್ತಿರಲಿಲ್ಲ.

ಅವತ್ತು ಮಗಳು ಬೆಳಗಿನ ಪಾಳಿಗೆ ಹೋದ ಮೇಲೆ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದರು. ಒದ್ದೆ ಕೂದಲು ಬೆನ್ನ ಮೇಲಿತ್ತು. ಎದೆಯ ಮೇಲೆ ಗುಂಡಗಡಗಿ ಇರಲಿಲ್ಲ.

"ಯಾಕಜ್ಜಿ?" ಅಂದೆ.

"ಲಿಂಗ ಹೋಗೇತಿ ನೋಡವ್ವ."

ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಖಾಲಿ ಸೈಟಿನಲ್ಲಿ ಹೊನಗೊನೆ ಸೊಪ್ಪು ಕೀಳಲು ಹೋಗಿದ್ದರಂತೆ. ಬಂದು ಸ್ನಾನಕ್ಕೆ ನಿಂತಾಗ ಕೈಗೆ ಸಿಕ್ಕಿದ್ದು ಸವೆದು ತುಂಡಾದ ದಾರ ಮಾತ್ರ. ಎರಡು ಸಲ ಹೋಗಿ ಹುಡುಕಿದ್ದರು. ಸೊಪ್ಪು, ಮುಳ್ಳು, ಸೊಂಟದೆತ್ತರದ ಹುಲ್ಲು, ಕಣ್ಣೂ ಮಂಜು.

"ಸ್ವಲ್ಪ ಗಂಜಿಯಾದರೂ ಕುಡೀರಿ ಅಜ್ಜಿ. ಸಕ್ಕರೆ ಕಾಯಿಲೆ ಮಾತ್ರೆ ಬೇರೆ ತಗೋಬೇಕು."

"ಬ್ಯಾಡವ್ವ. ಅದು ಸಿಗೂತನಕ ಬಾಯಾಗ ಏನೂ ಹಾಕಾಂಗಿಲ್ಲ. ಮಗಳಿಗೆ ಫೋನ್ ಮಾಡಬ್ಯಾಡ, ಕೆಲಸ ಬಿಟ್ಟು ಓಡಿ ಬರ್ತಾಳ."

ಕಾನ್ವೆಂಟಿನಲ್ಲಿ ಓದಿದವಳು ನಾನು. ಕಳೆದುಹೋದ ವಸ್ತು ಸಿಗಲೆಂದು ಒಬ್ಬ ಸಂತರನ್ನು ಬೇಡಿಕೊಳ್ಳಲು ಸಿಸ್ಟರ್‌ಗಳು ಕಲಿಸಿದ್ದರು. ಇಷ್ಟಲಿಂಗಕ್ಕೆ ಆ ಸಂತರನ್ನು ಕರೆಯಬಹುದೋ ಇಲ್ಲವೋ ತಿಳಿಯದೆ ಸುಮ್ಮನೆ ಮನಸ್ಸಿನಲ್ಲೇ ಕರೆದು, ಇವರನ್ನು ಎಬ್ಬಿಸಿದೆ. ಇವರು ಕಾಫಿಗೂ ನಿಲ್ಲದೆ ಅಟ್ಟದಿಂದ ಯಂತ್ರ ಇಳಿಸಿದರು.

"ಯಾವ ಕಾಯಿಲ್ ಹಾಕ್ತೀರಿ?" ಕೇಳಿದೆ.

"ದೊಡ್ಡದೇ. ಸೈಟು ಮೂವತ್ತಕ್ಕೆ ನಲವತ್ತು ಅಡಿ ಇದೆ. ಒಂದು ಸಲ ಆಡಿಸಿದ್ರೆ ಜಾಸ್ತಿ ಜಾಗ ಮುಗಿಯುತ್ತೆ, ಆಳಾನೂ ಹೋಗುತ್ತೆ."

ಮೊದಲು ಹುಲ್ಲು ಕೊಯ್ದೆವು. ಆಮೇಲೆ ಇವರು ಕಾಯಿಲ್ ನೆಲಕ್ಕೆ ಹಿಡಿದರು. ಮೊದಲ ಹೆಜ್ಜೆಗೇ ಯಂತ್ರ ಗುರ್ ಅಂತು. ಎರಡನೇ ಹೆಜ್ಜೆಗೂ ಗುರ್. ಹತ್ತು ಹೆಜ್ಜೆ ಹೋದರೂ ಅದು ಬಾಯಿ ಮುಚ್ಚಲಿಲ್ಲ. ಅಗೆದರೆ ಲೇತ್ ಮಷೀನ್‌ನಿಂದ ಉದುರುವ ಸುರುಳಿ ಸುರುಳಿ ಕಬ್ಬಿಣದ ಚೂರು. ತಗ್ಗಾಗಿದ್ದ ಸೈಟನ್ನು ಎತ್ತರಿಸಲು ಯಾರೋ ವರ್ಷಗಳ ಹಿಂದೆ ಕಾರ್ಖಾನೆ ಕಸವನ್ನೇ ತಂದು ಸುರಿದಿದ್ದರು. ನಮ್ಮ ಕಡೆ ಅರ್ಧ ಸೈಟುಗಳು ಹೀಗೆಯೇ. ಅದು ಗೊತ್ತಿದ್ದೂ ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಆಟೋ ನಿಲ್ಲಿಸಿ ಒಬ್ಬ ಇಣುಕಿದ. "ಏನ್ ಸಾರ್, ನಿಧಿನಾ? ನಮಗೂ ಒಂದು ಚೊಂಬು ಕೊಡಿ ಸಾರ್!"

"ಬಾ ಗುರು, ಸಲಿಕೆ ಹಿಡಿ. ಅರ್ಧ ನಿಂದೇ," ಅಂದರು ಇವರು. ಆಟೋ ಹೊರಟೇ ಹೋಯಿತು.

ಒಂದೇ ಒಂದು ಸಲ ಟಿಣ್ ಎಂದು ತೆಳ್ಳಗೆ, ಚೊಕ್ಕವಾಗಿ ಕೂಗಿತು. ಸೈಟಿನ ಅಂಚಿನಲ್ಲಿ ಕೂತಿದ್ದ ಅಜ್ಜಿ ಎದ್ದು ನಿಂತರು. ಇವರು ಬಗ್ಗಿ ನೋಡಿ, "ನಿನ್ನ ಕಾಲುಂಗುರ ಕಣೇ. ಸ್ವಲ್ಪ ದೂರ ನಿಲ್ಲಬಾರದಾ?" ಅಂದರು. ಅಜ್ಜಿ ಮತ್ತೆ ಕೂತರು. ಅವರು ಹಾಗೆ ಕೂತದ್ದನ್ನು ನನಗೆ ನೋಡಲಾಗಲಿಲ್ಲ. ಆದರೆ ಬೆಳ್ಳಿಯ ಸ್ವರ ಹೇಗಿರುತ್ತದೆ ಎಂಬುದು ಅದರಿಂದ ಗೊತ್ತಾಯಿತು.

ಮಧ್ಯಾಹ್ನ ದಾಟಿತು. ಅಜ್ಜಿ ಇನ್ನೂ ಬಾಯಿಗೆ ಏನೂ ಹಾಕಿರಲಿಲ್ಲ. ಇವರು ಬೆವರು ಒರೆಸಿಕೊಂಡು, "ಬೆಳ್ಳಿ ಕೆಳಗಿದ್ರೂ ಪಕ್ಕದ ಕಬ್ಬಿಣ ಅದರ ಧ್ವನೀನ ನುಂಗಿಬಿಡುತ್ತೆ. ಇಷ್ಟಗಲದ ಕಾಯಿಲ್ ಅಡಿಯಲ್ಲಿ ಏನಿಲ್ಲ ಅಂದ್ರೂ ಇಪ್ಪತ್ತು ಚೂರು ಇರುತ್ತೆ," ಎಂದರು.

ಆಗ ನನಗೆ ನಮ್ಮ ಶಾಲೆಯ ಹೊಲಿಗೆ ತರಗತಿ ನೆನಪಾಯಿತು. ಸೂಜಿ ಬಿದ್ದರೆ ಸಿಸ್ಟರ್ ಯಾರನ್ನೂ ಏಳಲು ಬಿಡುತ್ತಿರಲಿಲ್ಲ. ಇಡೀ ಕೋಣೆ ನೋಡಬೇಡಿ, ಕಾಲ ಬಳಿಯ ಒಂದು ಕಲ್ಲುಚಪ್ಪಡಿ ನೋಡಿ, ಅದು ಮುಗಿದ ಮೇಲೆ ಇನ್ನೊಂದು ಎನ್ನುತ್ತಿದ್ದರು. ಸೂಜಿ ಸಿಗದೆ ನಾವು ಮನೆಗೆ ಹೋದದ್ದೇ ಇಲ್ಲ.

"ರೀ, ಆ ಚಿಕ್ಕದು ಹಾಕಿ."

"ಯಾವುದು?"

"ಉಪ್ಪಿನಕಾಯಿ ಮುಚ್ಚಳದ್ದು."

ಅವರು ನನ್ನ ಮುಖ ನೋಡಲಿಲ್ಲ. "ಅದು ಆಳಕ್ಕೆ ಹೋಗಲ್ಲ ಕಣೇ. ನಾಲ್ಕು ಬೆರಳು ಹೋದ್ರೆ ಹೆಚ್ಚು. ಮನೆಯಲ್ಲಿ ಮಾಡಿದ ಆಟದ ಸಾಮಾನು ಅದು."

"ಆಳ ಯಾಕೆ ಬೇಕು? ಇವತ್ತು ಬೆಳಿಗ್ಗೆ ಬಿದ್ದದ್ದು ಇಷ್ಟರಲ್ಲೇ ಎಷ್ಟು ಆಳ ಹೋಗಿರುತ್ತೆ? ಕಾಲಡಿ ಸಿಕ್ಕಿದ್ರೂ ಮಣ್ಣಲ್ಲಿ ಒಂದಿಂಚು. ಅಜ್ಜಿ, ನೀವು ಸೊಪ್ಪು ಕಿತ್ತದ್ದು ಎಲ್ಲೆಲ್ಲಿ?"

ಅಜ್ಜಿ ಎದ್ದು ತೋರಿಸಿದರು. ಕಾಂಪೌಂಡಿನ ಅಂಚು, ನೀರು ನಿಲ್ಲುವ ಒಂದು ಮೂಲೆ, ಅಷ್ಟೇ. ಬೆಳಗಿನಿಂದ ನಾವು ಇಡೀ ಸೈಟು ತುಳಿಯುತ್ತಿದ್ದೆವು. ಇದನ್ನು ಕೇಳಿರಲೇ ಇಲ್ಲ.

ನಾನೇ ಅಟ್ಟ ಹತ್ತಿ ಟವೆಲ್ ಬಿಚ್ಚಿದೆ. ಮುಚ್ಚಳದ ಮೇಲೆ ಕೆಂಪು ಎಣ್ಣೆಯ ಕಲೆ ಹಾಗೇ ಇತ್ತು. ತಂತಿಯ ಒಂದೊಂದು ಸುತ್ತೂ ಇನ್ನೊಂದಕ್ಕೆ ಒತ್ತಿಕೊಂಡು, ಕೂದಲೆಳೆಯಷ್ಟೂ ಸಂದಿಲ್ಲದೆ ಸಾಲಾಗಿ ಕೂತಿತ್ತು. ಅದನ್ನು ಇಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ತಂದು ಅವರ ಕೈಗೆ ಕೊಟ್ಟು, "ಅವತ್ತು ನಗಬಾರದಿತ್ತು ನಾನು," ಅಂದೆ.

"ಬಿಡೇ, ಅದೆಲ್ಲ ಈಗ್ಯಾಕೆ," ಅಂದರು. ಆದರೆ ಅದನ್ನು ಕೋಲಿಗೆ ಸಿಕ್ಕಿಸುವಾಗ ಹೆಬ್ಬೆರಳಿನಿಂದ ಅಂಚನ್ನು ಒಮ್ಮೆ ಸವರಿದರು.

ಚಿಕ್ಕ ಕಾಯಿಲ್ ಬೇರೆಯೇ ಥರ ಮಾತಾಡಿತು. ಗುರ್ ಅನ್ನುತ್ತದೆ, ಒಂದು ಗೇಣು ಸರಿದರೆ ಸುಮ್ಮನಾಗುತ್ತದೆ, ಮತ್ತೆ ಗುರ್. ಒಂದು ಚೂರಿಗೂ ಇನ್ನೊಂದಕ್ಕೂ ನಡುವೆ ಮೌನ ಬಿಟ್ಟುಕೊಡುತ್ತಿತ್ತು. ಇವರು ಕುಕ್ಕರುಗಾಲಿನಲ್ಲಿ ಕೂತು ಅಂಗೈಯಗಲ, ಅಂಗೈಯಗಲ ಜಾಗ ನೋಡುತ್ತಾ ಸರಿದರು. ನಾನು ಕಾಲುಂಗುರ ತೆಗೆದು ಸೆರಗಿಗೆ ಗಂಟು ಹಾಕಿ, ಆ ಸೆರಗನ್ನು ಎತ್ತಿ ಹಿಡಿದುಕೊಂಡು ಹಿಂದೆ ನಿಂತೆ. ಕಾಂಪೌಂಡಿನ ಅಂಚು ಮುಗಿಯಲು ಒಂದು ಗಂಟೆ ಹಿಡಿಯಿತು. ಅಲ್ಲಿ ಏನೂ ಇರಲಿಲ್ಲ.

ಬಿಸಿಲು ಇಳಿಯುತ್ತಿತ್ತು. ನೀರು ನಿಲ್ಲುವ ಮೂಲೆಯಲ್ಲಿ ಎರಡು ಗುರ್‌ಗಳ ನಡುವೆ, ಬಹಳ ಸಣ್ಣಗೆ, ಟಿಣ್.

ಇವರು ನನ್ನ ಕಾಲು ನೋಡಿದರು. ನಾನು ದೂರದಲ್ಲಿದ್ದೆ. ಯಂತ್ರ ಪಕ್ಕಕ್ಕಿಟ್ಟು, ಕೆಸರಿನಲ್ಲಿ ಊರಿದ್ದ ಒಂದು ಹೆಜ್ಜೆ ಗುರುತಿನೊಳಗೆ ಎರಡು ಬೆರಳು ಇಳಿಸಿದರು. ಅದು ಅಜ್ಜಿಯದೇ ಹೆಜ್ಜೆ. ಬೆರಳಿಗೆ ಗಟ್ಟಿಯಾದದ್ದು ತಾಗಿದ ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡು, "ಅಮ್ಮಾ, ನೀವೇ ತಗೊಳ್ಳಿ. ನಾನು ಸ್ನಾನಾನೂ ಮಾಡಿಲ್ಲ," ಅಂದರು.

ಅಜ್ಜಿ ಮಂಡಿಯೂರಿ ಗುಂಡಗಡಗಿಯನ್ನು ಎತ್ತಿಕೊಂಡರು. ಕಣ್ಣಿಗೊತ್ತಿಕೊಂಡಾಗ ರೆಪ್ಪೆಗೆಲ್ಲ ಕೆಸರು. "ತುಳಿದ್ನಲ್ಲಾ ನಾ, ಶಿವನೇ..." ಎಂದು ಅದರ ಜೊತೆ ಮಾತ್ರ ಮಾತಾಡಿದರು. ಕೆಸರಾದ ಮುಚ್ಚಳ ಬಿಚ್ಚಿ ನೋಡಿದರು. ಒಳಗೆ ಲಿಂಗ ಒಣಗಿದ ವಿಭೂತಿಯಲ್ಲಿ ಬೆಚ್ಚಗಿತ್ತು.

ಮತ್ತೆ ಸ್ನಾನವಾಯಿತು. ನಾನು ಹೊಲಿಗೆ ಡಬ್ಬಿಯ ಬಿಳಿ ನೂಲನ್ನು ಎಂಟೆಳೆ ಮಾಡಿ ಹೊಸೆದುಕೊಟ್ಟೆ. ಅವರು ನಮ್ಮ ಹಿತ್ತಲ ಕಲ್ಲಿನ ಮೇಲೆ ಕೂತು ಪೂಜೆ ಮಾಡುವಾಗ ನಾವಿಬ್ಬರೂ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆವು. ಪೂಜೆ ಮುಗಿಸಿ, ಲಿಂಗವನ್ನು ಎದೆಗೆ ಏರಿಸಿಕೊಂಡು, ಅಜ್ಜಿ ಒಳಗೆ ಬಂದರು.

"ಏನೈತಿ ಮನ್ಯಾಗ? ಹಸಿವಿ ಆಗೇತವ್ವ."

ರಾತ್ರಿಯ ಅನ್ನ ಮಿಕ್ಕಿತ್ತು; ಅವರೇ ಬೆಳಿಗ್ಗೆ ಕಿತ್ತಿದ್ದ ಹೊನಗೊನೆ ಸೊಪ್ಪಿನ ಪಲ್ಯವನ್ನು ಅವರು ಸ್ನಾನ ಮಾಡುವಾಗ ಮಾಡಿಟ್ಟಿದ್ದೆ. ಅನ್ನ ಬಿಸಿ ಮಾಡುತ್ತೇನೆ ಎಂದರೂ ಬಿಡಲಿಲ್ಲ. ಮೊದಲ ತುತ್ತು ಕಲಸಿ ಕೈ ಎತ್ತಿದವರು ನಿಲ್ಲಿಸಿ ಇವರ ಕಡೆ ತಿರುಗಿದರು.

"ತಮ್ಮಾ, ನೀ ಉಂಡ್ಯಾ?"

ಇವರು ನನ್ನನ್ನು ನೋಡಿದರು. ನಾನು ಇವರನ್ನು ನೋಡಿದೆ. ಬೆಳಗಿನ ಕಾಫಿ ಇನ್ನೂ ಫಿಲ್ಟರಿನಲ್ಲೇ ಇತ್ತು. ಅಜ್ಜಿ ತಮ್ಮ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜಾಗ ಮಾಡಿ, ಇನ್ನೆರಡು ತಟ್ಟೆ ಬರುವವರೆಗೂ ಆ ತುತ್ತನ್ನು ಹಾಗೇ ಹಿಡಿದುಕೊಂಡು ಕೂತರು.